ತಲೆಗೊಂದು ಪೆಟ್ಟು

ಕಡಲ ತೀರದ ಊರಿನಿಂದ ಬಂದ ಶಿಷ್ಯನೊಬ್ಬ ಒಂದು ದಿನ ಗುರುಗಳನ್ನು ಕೇಳಿದ:

"ಗುರುಗಳೇ, ನಮ್ಮೂರಿನವರು ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಹೋದ ವರ್ಷ ಯಾರ ಅಪ್ಪಣೆಯೂ ಇಲ್ಲದೆ ಒಂದು ದೋಣಿ ಬಂತು. ಅದರಲ್ಲಿ ನಲವತ್ತು ಜನ. ಅವರು ಇನ್ನೂ ಊರ ಹೊರಗೇ ಇದ್ದಾರೆ. ಅಂದಿನಿಂದ ನಮ್ಮವರು ದೋಣಿಯವರನ್ನು ಮಾತ್ರವಲ್ಲ, ಘಟ್ಟ ಇಳಿದು ಬರುವ ದಾರಿಹೋಕನನ್ನೂ ಅನುಮಾನದಿಂದ ನೋಡುತ್ತಾರೆ. ನೀರು ಕೇಳಿದರೆ ಮೊದಲು ನಿನ್ನ ಊರು ಯಾವುದು ಎನ್ನುತ್ತಾರೆ. ನಲವತ್ತು ಜನರಿಂದ ಇಡೀ ಊರಿನ ಮನಸ್ಸು ಕೆಡುವುದು ಹೇಗೆ? ಅಥವಾ ನಮ್ಮವರು ಮೊದಲೇ ಕೆಟ್ಟವರಾಗಿದ್ದರೇ?"

"ನಿಮ್ಮವರು ಕೆಟ್ಟವರಲ್ಲ" ಎಂದರು ಗುರುಗಳು. "ಅವರ ಕಿವಿ ಚುರುಕು, ಕಾಲು ಸೋಮಾರಿ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಬಂದರಿನ ಊರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಒಂದು ಹರದಾರಿ ಉದ್ದಕ್ಕೂ ಮನೆಗಳು. ಕಡಲ ಕಡೆಗೆ ಒಂದು ಬುರುಜು, ಘಟ್ಟದ ಕಡೆಗೆ ಒಂದು ಹೆಬ್ಬಾಗಿಲು. ಬುರುಜಿನ ಮೇಲೆ ಒಂದು ನಗಾರಿ ಇತ್ತು. ಅದನ್ನು ಬಾರಿಸಲು ಒಬ್ಬ ನಗಾರಿಯವನಿದ್ದ.

ಅಜ್ಜಂದಿರ ಕಾಲದಲ್ಲಿ ಕಡಲುಗಳ್ಳರು ಆ ಊರನ್ನು ಎರಡು ಸಲ ದೋಚಿದ್ದರು. ಆಗ ಊರು ಒಂದು ಕಟ್ಟಳೆ ಮಾಡಿಕೊಂಡಿತು. ಅಪ್ಪಣೆಯಿಲ್ಲದೆ ಕಡಲಿನಿಂದ ಯಾರೇ ಬಂದರೂ ತಲೆಗೊಂದು ಪೆಟ್ಟಿನಂತೆ ನಗಾರಿ ಬಾರಿಸಬೇಕು. ಊರವರು ಪೆಟ್ಟು ಎಣಿಸಿ ಸಿದ್ಧರಾಗಬೇಕು. ಒಳ್ಳೆಯ ಕಟ್ಟಳೆ, ಅದನ್ನು ನಾನು ಹಳಿಯುವುದಿಲ್ಲ. ಮೂರನೆಯ ಸಲ ಕಳ್ಳರು ಬಂದಾಗ ಊರು ಉಳಿದದ್ದು ಅದರಿಂದಲೇ.

ಘಟ್ಟದ ದಾರಿಗೆ ಮಾತ್ರ ಇಂಥ ಕಟ್ಟಳೆ ಇರಲಿಲ್ಲ. ಆ ದಾರಿಯಲ್ಲಿ ಎತ್ತಿನ ಗಾಡಿಗಳು ಬರುತ್ತಿದ್ದವು. ಸೊಸೆಯಂದಿರು ಬರುತ್ತಿದ್ದರು. ಕೂಲಿಗೆಂದು ಬಂದವರು ಮನೆ ಕಟ್ಟಿಕೊಂಡು ಅಲ್ಲೇ ಉಳಿಯುತ್ತಿದ್ದರು. ಅವರನ್ನು ಯಾರೂ ಎಣಿಸಿರಲಿಲ್ಲ.

ಮಳೆಗಾಲಕ್ಕೆ ಇನ್ನು ಕೆಲವೇ ದಿನಗಳಿರುವಾಗ ಒಂದು ಒಡಕು ದೋಣಿ ದಡದತ್ತ ಬಂತು. ನಗಾರಿಯವನು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದ. ಹತ್ತೊಂಬತ್ತು ತಲೆ. ಹತ್ತೊಂಬತ್ತು ಪೆಟ್ಟು ಬಾರಿಸಿದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವನು ತನ್ನ ಕೆಲಸದಲ್ಲಿ ಬಹಳ ನಿಯತ್ತಿನವನು.

ದಡದಲ್ಲಿದ್ದವರು ಪೆಟ್ಟು ಎಣಿಸಲಿಲ್ಲ, ದೋಣಿಯನ್ನು ನೋಡಿದರು. ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿ ಎದ್ದು ಹೋಗಿ ಗಂಜಿಗೆ ನೀರಿಟ್ಟಳು. ಮೀನುಗಾರರು ದೋಣಿಯನ್ನು ಮೇಲಕ್ಕೆಳೆದು, ಬಂದವರನ್ನು ಬಲೆ ಇಡುವ ಚಪ್ಪರದಲ್ಲಿ ಕೂರಿಸಿದರು. ನಡು ಊರಿನವರಿಗೆ ದೋಣಿ ಕಾಣಲಿಲ್ಲ, ಪೆಟ್ಟು ಮಾತ್ರ ಕೇಳಿತು. ಅವರು ಬಾಗಿಲು ಹಾಕಿಕೊಂಡರು. ಘಟ್ಟದ ಬುಡದವರಿಗೆ ಒಂದೊಂದು ಪೆಟ್ಟೂ ಗುಡ್ಡಕ್ಕೆ ಬಡಿದು ಎರಡೆರಡಾಗಿ ಕೇಳುತ್ತಿತ್ತು. ಅವರ ಲೆಕ್ಕಕ್ಕೆ ಬಂದವರು ಮೂವತ್ತೆಂಟು. ಅವರು ಕತ್ತಿ ಮಸೆದರು. ಅವರಲ್ಲಿ ಅರ್ಧ ಜನ ಕಡಲಿನ ಮುಖ ನೋಡಿ ವರ್ಷಗಳೇ ಆಗಿದ್ದವು. ದೋಣಿಯಿಂದ ದೂರ ಹೋದಷ್ಟೂ ದೋಣಿ ದೊಡ್ಡದಾಯಿತು. ಇದು ಆ ಊರಿನ ಜಾಣತನ.

ಮಾರನೆಯ ದಿನ ಸಭೆ ಸೇರಿತು. ಒಬ್ಬ ಬೆಲ್ಲದ ವ್ಯಾಪಾರಿ ಎದ್ದು ನಿಂತ. ಅವನ ಮನೆ ಹೆಬ್ಬಾಗಿಲಿನ ಪಕ್ಕದಲ್ಲಿ. ಆ ಊರಿನಲ್ಲಿ ಕಡಲಿಗೆ ಅದಕ್ಕಿಂತ ದೂರದ ಮನೆ ಇನ್ನೊಂದಿಲ್ಲ.

"ಇವತ್ತು ಹತ್ತೊಂಬತ್ತು, ನಾಳೆ ನೂರು. ಮಳೆ ಹಿಡಿಯುವ ಮೊದಲು ಇವರನ್ನು ಬಂದ ದೋಣಿಗೇ ಹತ್ತಿಸಿ ಮಾರಾಯ್ರೇ. ಅಷ್ಟಕ್ಕೇ ಬಿಡುವುದಲ್ಲ. ಘಟ್ಟ ಇಳಿದು ಬಂದವರು ಮಾತ್ರ ಒಳಗಿನವರಾ? ಹತ್ತು ವರ್ಷದಿಂದ ಈಚೆಗೆ ಬಂದವರೆಲ್ಲ ಊರು ಬಿಡಲಿ."

ಆ ಒಡಕು ದೋಣಿ ಕಡಲಿಗಿಳಿದರೆ ಮತ್ತೊಂದು ದಡ ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ತಲೆದೂಗಿದರು. ಘಟ್ಟದ ಗಾಡಿಯವನ ಚೀಲದಿಂದ ನಿನ್ನೆಯಷ್ಟೇ ಎಲೆಯಡಿಕೆ ತೆಗೆದು ಹಾಕಿಕೊಂಡವರೂ ತಲೆದೂಗಿದರು. ಹೆದರಿಕೆ ಬಂದದ್ದು ಕಡಲಿನಿಂದ, ಸಿಟ್ಟು ಹೋದದ್ದು ಘಟ್ಟಕ್ಕೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಊರಿನ ಹಿರಿಯನನ್ನು ಅಲ್ಲಿ ಗುರಿಕಾರ ಎನ್ನುತ್ತಿದ್ದರು. ಅವನು ಮೆಲ್ಲಗಿನ ಮನುಷ್ಯ. ಯಾರು, ಎಷ್ಟು ಎಂದು ತಿಳಿಯದೆ ತೀರ್ಪು ಹೇಳಲಾರೆ, ಏಳು ದಿನ ಬೇಕು ಎಂದ. ಹಾಗಾದರೆ ಆ ಏಳು ದಿನವೂ ಘಟ್ಟದಿಂದ ಬರುವವರಿಗೆ ನಗಾರಿ ಬಾರಿಸಲಿ, ಎಷ್ಟು ಜನ ನುಗ್ಗುತ್ತಿದ್ದಾರೆಂದು ಊರು ಕಿವಿಯಾರೆ ಕೇಳಲಿ ಎಂದು ವ್ಯಾಪಾರಿ ಪಟ್ಟು ಹಿಡಿದ. ಸಭೆ ಒಪ್ಪಿತು.

ನಗಾರಿಯವನ ಸೊಸೆ ಎರಡು ವರ್ಷದ ಹಿಂದೆ ಘಟ್ಟ ಇಳಿದು ಮದುವೆಯಾಗಿ ಬಂದವಳು. ಅವನು ಸಭೆಯಿಂದ ಮನೆಗೆ ಬಂದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

"ಮಾವ, ನಾನು ಬಂದ ದಿನ ನೀವು ಬಾಗಿಲಲ್ಲಿ ನಿಂತು ನಗಾಡಿದ್ರಿ. ಈಗ ನಾನು ಯಾರು?" ಎಂದಳು.

ಅವನು ಉಣ್ಣದೆ ಎದ್ದ. ನಿಯತ್ತಿನಿಂದ ಬಾರಿಸಿದ ಪೆಟ್ಟು ತನ್ನ ಮನೆಯ ಮೇಲೇ ಬಿತ್ತಲ್ಲ ಎಂದು ಕೊರಗಿದ. ಅವಳಿಲ್ಲದ ಮನೆ ಅವನಿಗೆ ಬೇಕಿರಲಿಲ್ಲ. ಆದರೂ ಬೆಳಗಾಗುತ್ತಲೇ ಬುರುಜು ಹತ್ತಿದ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಹೆಬ್ಬಾಗಿಲಿನ ಕಾವಲುಗಾರ ತಲೆಗೊಂದರಂತೆ ಕೆಂಪು ಬಟ್ಟೆ ಬೀಸಿದ. ನಗಾರಿಯವನು ಬಾರಿಸಿದ. ಹತ್ತು, ಇಪ್ಪತ್ತು, ನಲವತ್ತು. ಊರಿಗೆ ಊರೇ ನಡುಗಿತು. ವ್ಯಾಪಾರಿ ಇಪ್ಪತ್ತು ಗಂಡಸರನ್ನು ಕಟ್ಟಿಕೊಂಡು ದೊಣ್ಣೆ ಹಿಡಿದು ಹೆಬ್ಬಾಗಿಲಿಗೆ ಓಡಿದ. ಅಲ್ಲಿ ನಿಂತಿದ್ದದ್ದು ಬೆಲ್ಲದ ಗಾಡಿಗಳು. ವರ್ಷಾವಧಿ ಬರುವ ಅವನದೇ ಗಾಡಿಗಳು.

"ಛೇ, ಇವರಲ್ಲ, ಇವರಲ್ಲ. ಇವರು ನಮ್ಮವರು" ಎಂದು ವ್ಯಾಪಾರಿ ದೊಣ್ಣೆ ಕೆಳಗಿಳಿಸಿದ.

ಸ್ವಲ್ಪ ಹೊತ್ತಿಗೆ ಮತ್ತೆ ನಗಾರಿ. ಹದಿನೈದು ಪೆಟ್ಟು. ಮತ್ತೆ ಓಡಿದರು. ಬಡಗಿಯ ಮಗಳ ಸೀಮಂತಕ್ಕೆ ಬೀಗರು ಬಂದಿದ್ದರು. ಬಡಗಿಯ ಕೈಯಲ್ಲೂ ದೊಣ್ಣೆ ಇತ್ತು. ಅವನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬನ್ನಿ ಬನ್ನಿ, ಬಿಸಿಲು ಜೋರಾಯಿತಲ್ಲ ಎಂದ. ಸಂಜೆಯೊಳಗೆ ನೂರ ಹನ್ನೆರಡು ಪೆಟ್ಟು ಬಿದ್ದವು. ಒಂದು ದೊಣ್ಣೆಗೂ ಒಂದು ಬೆನ್ನು ಸಿಗಲಿಲ್ಲ. ಯಾರನ್ನು ಹಿಡಿಯಹೋದರೂ ಯಾರೋ ಒಬ್ಬರು, ಇವರು ನಮ್ಮವರು ಎನ್ನುತ್ತಿದ್ದರು.

ಮರುದಿನ ವ್ಯಾಪಾರಿ ಏದುಸಿರು ಬಿಡುತ್ತಾ ಬುರುಜು ಹತ್ತಿ ಬಂದ.

"ನಮ್ಮವರಿಗೆಲ್ಲ ಯಾಕೆ ಬಾರಿಸುತ್ತೀಯಾ ಮಾರಾಯಾ? ಹೊರಗಿನವರಿಗೆ ಮಾತ್ರ ಬಾರಿಸು."

"ಇಷ್ಟು ದೂರಕ್ಕೆ ನನಗೆ ಸಿಗುವುದು ತಲೆಯ ಲೆಕ್ಕ ಮಾತ್ರ ಧಣಿ. ಯಾರ ಕಡೆಯವರು ಅಂತ ಕಾಣುವುದಿಲ್ಲ" ಎಂದ ನಗಾರಿಯವನು. ಹೇಳಿ ಮತ್ತೆ ಕೋಲೆತ್ತಿದ. ಕಾವಲುಗಾರ ಬಟ್ಟೆ ಬೀಸುತ್ತಲೇ ಇದ್ದ.

ವ್ಯಾಪಾರಿ ಗದರಿಸಿದ, ಆಮೇಲೆ ಪುಸಲಾಯಿಸಿದ. ನಗಾರಿಯವನು ಜಗ್ಗಲಿಲ್ಲ. ಒಂದು ತಲೆಯನ್ನೂ ಬಿಡಲಿಲ್ಲ. ಮೂರನೆಯ ದಿನ ಅವನ ತೋಳು ಊದಿಕೊಂಡಿತು. ಸೊಸೆ ಗಂಜಿ ತಂದವಳು ಅವನ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಬಾರಿಸಿದಳು. ಹೊರಗಿನವರನ್ನು ಎಣಿಸಲು ಹೊರಟ ಊರಿಗೆ ಲೆಕ್ಕ ಹೇಳಿದವಳು ಘಟ್ಟದ ಹುಡುಗಿ. ಕೆಳಗಿದ್ದವರಿಗೆ ಇದು ಗೊತ್ತೇ ಆಗಲಿಲ್ಲ. ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದದ್ದು ಇದೇ.

ಐದನೆಯ ದಿನದ ಹೊತ್ತಿಗೆ ನಗಾರಿ ಕೇಳಿದರೂ ಹಾಲು ಕರೆಯುವ ಕೈ ನಿಲ್ಲಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು. ಮೊದಲ ದಿನ ಅವರು ಕೊಡ ಬಿಟ್ಟು, "ಎಷ್ಟಂತೆ? ಎಷ್ಟಂತೆ?" ಎಂದು ಓಡಿದ್ದರು. ಐದನೆಯ ದಿನ ಒಬ್ಬಳು ಹಗ್ಗ ಎಳೆಯುತ್ತಲೇ, "ಇವತ್ತು ಯಾರು ಬಂದದ್ದಂತೆ?" ಎಂದು ಕೇಳಿದಳು. ಊರು ಗೆದ್ದದ್ದು ಏಳನೆಯ ದಿನದ ಸಭೆಯಲ್ಲಿ ಎಂದು ಈ ಕತೆ ಹೇಳುವವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗೆದ್ದದ್ದು ಆ ಬಾವಿಕಟ್ಟೆಯಲ್ಲಿ.

ಏಳನೆಯ ದಿನ ಬುರುಜಿನ ಬುಡದಲ್ಲಿ ಸಭೆ ಸೇರಿತು. ಘಟ್ಟದಿಂದ ಬಂದವರು ಏಳುನೂರ ನಾಲ್ಕು, ಕಡಲಿನಿಂದ ಹತ್ತೊಂಬತ್ತು ಎಂದು ನಗಾರಿಯವನು ಲೆಕ್ಕ ಒಪ್ಪಿಸಿದ. ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಏಳು ದಿನಕ್ಕೆ ಏಳುನೂರಾದರೆ ವರ್ಷಕ್ಕೆಷ್ಟು? ಅಜ್ಜಂದಿರ ಕಾಲದಿಂದ ಎಷ್ಟು? ಇಷ್ಟು ಜನ ಬಂದು ಹೋಗಿಯೂ ಊರು ಇದ್ದಲ್ಲೇ ಇತ್ತು.

ಗುರಿಕಾರ ಹೇಳಿದ: ನಿಮ್ಮ ನಿಮ್ಮವರನ್ನು ಬದಿಗೆ ತೆಗೆಯಿರಿ, ಉಳಿದವರನ್ನು ಹೊರಗೆ ಹಾಕೋಣ. ಒಬ್ಬೊಬ್ಬರೇ ಎದ್ದರು. ವ್ಯಾಪಾರಿ ತನ್ನ ಗಾಡಿಯವರನ್ನು ತೆಗೆದ. ಬಡಗಿ ಬೀಗರನ್ನು ತೆಗೆದ. ಹತ್ತು ವರ್ಷದಿಂದ ಈಚೆಗೆ ಬಂದು ಊರಲ್ಲೇ ನೆಲೆ ನಿಂತವರ ಸರದಿ ಬಂತು. ನಗಾರಿಯವನ ಸೊಸೆಯ ಹೆಸರು ಬಂದಾಗ ಅವನು ಏಳಲು ಹೋದ. ಅವನಿಗಿಂತ ಮೊದಲೇ ಬಾವಿಕಟ್ಟೆಯ ಹೆಂಗಸರು ಎದ್ದು, "ಇವಳು ನಮ್ಮವಳು, ಇವಳ ಸುದ್ದಿಗೆ ಬರಬೇಡಿ" ಎಂದರು. ನಗಾರಿಯವನು ಸಭೆಯ ನಡುವೆಯೇ ಅತ್ತುಬಿಟ್ಟ. ನಾಚಿಕೆಪಡಲಿಲ್ಲ.

ಕೊನೆಗೆ ಚಪ್ಪರದಿಂದ ಕರೆಸಿದ್ದ ಆ ಹತ್ತೊಂಬತ್ತು ಜನ ಉಳಿದರು. ವ್ಯಾಪಾರಿ ಮತ್ತೆ ಎದ್ದ.

"ಇವರು ಅಪ್ಪಣೆ ಕೇಳದೆ ಬಂದವರು. ಇವರನ್ನು ನಮ್ಮವರು ಎನ್ನುವವರು ಯಾರಿದ್ದೀರಿ?"

ಮೀನು ಒಣಗಿಸುವ ಮುದುಕಿ ಹಿಂದಿನಿಂದ ಎದ್ದಳು. "ಅಪ್ಪಣೆ ಕೇಳಲಿಕ್ಕೆ ಕಡಲಿನ ನಡುವೆ ಯಾರ ಮನೆ ಉಂಟು ಧಣಿ? ಏಳು ದಿನದಿಂದ ಎಲ್ಲರೂ ನನ್ನ ಗಂಜಿ ಕುಡಿದಿದ್ದಾರೆ. ಆ ಉದ್ದದವನ ಹೆಸರು ಮರ್ಕಾಲಿ, ಹಗ್ಗ ಹೊಸೆಯುತ್ತಾನೆ, ನಮ್ಮವರಿಗಿಂತ ಗಟ್ಟಿ. ಅವನ ತಂಗಿ ತೀವಿ. ಅವರ ದ್ವೀಪದ ಬಾವಿಗೆಲ್ಲ ಉಪ್ಪುನೀರು ನುಗ್ಗಿದೆ, ಕುಡಿಯಲಿಕ್ಕೆ ಇಲ್ಲ. ಅಲ್ಲಿ ಕೂತದ್ದು ಸೂನಜ್ಜಿ. ಹುಟ್ಟಿದ್ದು ಕಡಲಲ್ಲಿ, ಮೀನಿನ ವಾಸನೆ ಆಗುವುದಿಲ್ಲವಂತೆ! ಏಳು ದಿನದಿಂದ ನನ್ನ ಉಪ್ಪಿನಕಾಯಿ ಖಾಲಿ ಮಾಡಿದ್ದಾಳೆ."

ಸಭೆ ಗೊಳ್ಳೆಂದು ನಕ್ಕಿತು. ವ್ಯಾಪಾರಿಯೂ ನಕ್ಕ. ನಕ್ಕ ಮೇಲೆ ಸಿಟ್ಟು ಹಿಡಿದುಕೊಳ್ಳುವುದು ಅವನಿಗೆ ಕಷ್ಟವಾಯಿತು. ಮುದುಕಿ ಬೆರಳು ಮಡಚುತ್ತಾ ಹತ್ತೊಂಬತ್ತು ಹೆಸರನ್ನೂ ಹೇಳಿ ಮುಗಿಸಿಯೇ ಕೂತಳು.

"ಆಯಿತಪ್ಪ, ಇರಲಿ" ಎಂದ ವ್ಯಾಪಾರಿ. "ಆದರೆ ನಾಳೆ ಇನ್ನೊಂದು ದೋಣಿ ಬಂದರೆ?"

"ಬಾರಿಸೋಣ" ಎಂದ ಗುರಿಕಾರ. "ಬಾರಿಸಿದ ಮೇಲೆ ಎಲ್ಲರೂ ದಡಕ್ಕೆ ಹೋಗಿ ನೋಡೋಣ. ಕಳ್ಳರಾದರೆ ದೊಣ್ಣೆ, ಹಸಿದವರಾದರೆ ಗಂಜಿ."

ಅಂದೇ ಆ ಹತ್ತೊಂಬತ್ತು ಜನರನ್ನು ಬುರುಜಿನ ಪಕ್ಕದಿಂದ ಊರೊಳಗೆ ಕರೆತಂದರು. ನಗಾರಿಯವನು ಕೋಲು ಬದಿಗಿಟ್ಟು, ಬುರುಜಿನ ಅಂಚಿಗೆ ಬಂದು ಒಬ್ಬೊಬ್ಬರ ಹೆಸರನ್ನೂ ಎದೆ ತುಂಬಿ ಕೂಗಿದ. ಹೆಸರುಗಳು ಅವನ ನಾಲಿಗೆಗೆ ಹೊಸವು. ಅರ್ಧಕ್ಕರ್ಧ ತಪ್ಪಾಗಿ ಕೂಗಿದ. ಕೆಳಗಿನಿಂದ ಅವರೇ ತಿದ್ದಿ ಕೂಗಿದರು. ಅವನು ಮತ್ತೆ ಕೂಗಿದ. ಪ್ರತಿ ಹೆಸರಿಗೂ ಊರಿಗೆ ಊರೇ "ಓ" ಎಂದಿತು. ಕತ್ತಿ ಮಸೆದ ಘಟ್ಟದ ಬುಡದವರ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಆ ಊರು ಕಳ್ಳರನ್ನು ಓಡಿಸಿದ ದಿನವೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಹೊಳೆಯುತ್ತಿತ್ತು. ಅವನು ಕೂತಲ್ಲಿಂದ ಅರ್ಧ ಎದ್ದೇಬಿಟ್ಟಿದ್ದ.

"ನಾನು ನಾಳೆಯೇ ಊರಿಗೆ ಹೋಗುತ್ತೇನೆ ಗುರುಗಳೇ. ಆ ನಲವತ್ತು ಜನರನ್ನೂ ಒಳಗೆ ಕರೆಯಿರಿ ಎಂದು ನಮ್ಮವರಿಗೆ ಹೇಳುತ್ತೇನೆ."

"ಹೋಗುವೆಯಂತೆ" ಎಂದರು ಗುರುಗಳು. "ಆ ನಲವತ್ತರಲ್ಲಿ ಒಬ್ಬರ ಹೆಸರು ಹೇಳಿ ಹೋಗು."

ಶಿಷ್ಯನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಅರ್ಧ ಎದ್ದವನು ಮತ್ತೆ ಕೂತ.