ಮಿರುಗನ ಬೆನ್ನಿಗೆ ಮಸಿಗೆರೆ ಬಿದ್ದದ್ದು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರಿರದ ಕಾಲ. ದೂರದ ಆಸ್ಟ್ರೇಲಿಯಾ ಸೀಮೆಯ ಹುಲ್ಲುಗಾವಲಲ್ಲಿ ಗೇಣುದ್ದದ ಗಿಳಿಗಳಿದ್ದವು. ಮೈ ಹಸಿರು, ತಲೆ ಹಳದಿ. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ.

ಅವುಗಳಲ್ಲಿ ಮಿರುಗ ಎಂಬ ಗಿಳಿಗೆ ಜಂಬವೋ ಜಂಬ. "ನನ್ನ ಮೈ ನೋಡ್ರೋ! ಸೂರ್ಯನೇ ಕಣ್ಣು ಮುಚ್ಕೋತಾನೆ!"

"ಸೂರ್ಯ ಮುಚ್ಕೋಬಹುದು ಮಗಾ, ಡೇಗೆ ಮುಚ್ಚಲ್ಲ," ಅಂದಳು ಅಜ್ಜಿಗಿಳಿ.

ನಿಜವೇ. ಹುಲ್ಲಲ್ಲಿ ಮಿಣಮಿಣ ಮಿನುಗುವ ಗಿಳಿಗಳನ್ನು ಆ ಬೇಟೆಹಕ್ಕಿ ಡೇಗೆ ದಿನಾ ಮೇಲಿಂದೆರಗಿ ಹೆಕ್ಕಿ ಒಯ್ಯುತ್ತಿತ್ತು. ಮಿರುಗನ ಪುಟ್ಟ ತಂಗಿ ಚಿನ್ನಿಗಿನ್ನೂ ಹಾರಲು ಬರುತ್ತಿರಲಿಲ್ಲ.

"ಡೇಗೆ ಬಂದ್ರೆ, ಅಣ್ಣಾ?"

"ಬರಲಿ ಬಿಡೇ, ನಾನಿಲ್ವಾ!" ಅಂತ ಎದೆಯುಬ್ಬಿಸುತ್ತಿದ್ದ. ಅಂದವನೇ ಆಕಾಶದತ್ತ ಕಳ್ಳನೋಟ ಹಾಯಿಸುತ್ತಿದ್ದ.

ಆ ಗಿಳಿಗಳು ನೀರಿಗಿಳಿದು ಮೀಯುವುದಿಲ್ಲ. ಬೆಳಗಾತ ಇಬ್ಬನಿಯ ಹುಲ್ಲಲ್ಲಿ ಅಂಗಾತ ಹೊರಳಿದರೆ ಅದೇ ಸ್ನಾನ. ಒಂದು ಸಲ ಸಿಡಿಲು ಬಡಿದು ಹುಲ್ಲು ಅರೆಬರೆ ಸುಟ್ಟುಹೋಯಿತು. ಒಂದು ಕಡ್ಡಿ ಹಸಿ, ಒಂದು ಕಡ್ಡಿ ಕರಿ. ಅದರ ಮೇಲೆ ಇಬ್ಬನಿ. ಮಿರುಗ ನಿದ್ದೆಗಣ್ಣಲ್ಲಿ ಅಲ್ಲೇ ಬಿದ್ದು ಹೊರಳಿದ್ದೇ ಹೊರಳಿದ್ದು! ಮಸಿ ಇಬ್ಬನಿಯನ್ನೇ ಗುಟುಕರಿಸಿದ.

ಎದ್ದಾಗ ತಲೆಗೆ ಗೆರೆ, ಬೆನ್ನಿಗೆ ಗೆರೆ, ರೆಕ್ಕೆಗೆ ಗೆರೆ. ಕೊಕ್ಕಿನಿಂದ ತೊಟ್ಟಿಕ್ಕಿದ ಹನಿಗೆ ಗಂಟಲ ಮೇಲೆ ಸಾಲುಚುಕ್ಕೆ.

"ಅಣ್ಣಾ, ಕಾಗೆ ಜೊತೆ ಕುಸ್ತಿಗೆ ಬಿದ್ದಿದ್ಯಾ?" ಚಿನ್ನಿ ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಡೇಗೆಯ ನೆರಳು! ಗಿಳಿಗಳೆಲ್ಲ ಬುರ್ರೆಂದು ಎದ್ದವು. ಮಿರುಗ ಏಳಲಿಲ್ಲ. ತಂಗಿಯನ್ನು ಹೊಟ್ಟೆಯಡಿ ಒತ್ತಿಕೊಂಡು ಹುಲ್ಲಲ್ಲೇ ಕುಕ್ಕರಿಸಿದ. ಹುಟ್ಟಿದಂದಿನಿಂದ ಮುಚ್ಚದ ಬಾಯಿ ಅವತ್ತು ಮುಚ್ಚಿತು.

ಡೇಗೆ ತಲೆಯ ಮೇಲೇ ಸುತ್ತು ಹಾಕಿತು. "ಎಲ್ಲಿ ಹೋದ ಆ ಜಂಬದ ಕೋಳಿ?"

ಗಾಳಿಯಣ್ಣ ಮೆಲ್ಲಗೆ ಹುಲ್ಲು ಅಲುಗಿಸಿದ. ಕಡ್ಡಿ ಯಾವುದು, ಗೆರೆ ಯಾವುದು, ಒಂದೂ ಗೊತ್ತಾಗದು. "ಇಲ್ಲಿ ಬರೀ ಹುಲ್ಲು, ಮಾರಾಯಾ. ಮೇಯ್ತೀಯಾ?"

ಡೇಗೆ ಮುಖ ಸಿಂಡರಿಸಿಕೊಂಡು ಹೋಯಿತು.

ತಕ್ಷಣ ಮಿರುಗನ ಬಾಯಿ ತೆರೆಯಿತು. "ಬನ್ರೋ, ಹೊರಳ್ರೋ! ಈ ಉಪಾಯ ಕಂಡುಹಿಡಿದೋನು ನಾನೇ!"

"ಹೌದಪ್ಪಾ, ನಿದ್ದೆಗಣ್ಣಲ್ಲಿ," ಅಂದಳು ಅಜ್ಜಿ. ಅಂದವಳೇ ಎಲ್ಲರಿಗಿಂತ ಮೊದಲು ಹೊರಳಿದಳು. ಹಿಂಡಿಗೆ ಹಿಂಡೇ ಅಂಗಾತ ಬಿದ್ದು, ಕಾಲು ಮೇಲೆ ಮಾಡಿ, ಮಸಿ ಇಬ್ಬನಿ ಗುಟುಕರಿಸಿ ಕೇಕೆ ಹಾಕಿತು. ಮೈಬಣ್ಣ ಇನ್ನೂ ಹಸಿಯಿತ್ತಲ್ಲ, ಮಸಿ ಅದರೊಳಗೇ ಆರಿತು.

ಅದಕ್ಕೇ ಮಕ್ಕಳೇ, ನೀವು ಲವ್‌ಬರ್ಡ್ಸ್ ಅಂತ ಕರೆಯುವ ಆ ಪುಟ್ಟ ಹಸಿರು ಗಿಳಿಗೆ ಇವತ್ತಿಗೂ ಬೆನ್ನ ತುಂಬ ಗೆರೆ, ಗಂಟಲಿಗೆ ಚುಕ್ಕೆ. ಹೊಟ್ಟೆಯೊಂದು ಮಾತ್ರ ಅಚ್ಚ ಹಸಿರು, ಏಕೆಂದರೆ ಅದು ತಂಗಿಯನ್ನು ಬಚ್ಚಿಟ್ಟ ಜಾಗ.