ಗದಿಗೆಪ್ಪ ಹೆಬ್ಬೆಟ್ಟಿನ ಮಶೀನಿಗೆ ನೀರು ಕೊಟ್ಟದ್ದು

ಕೂತವರು ಕೂತಲ್ಲೇ ಕೇಳಿ, ನಿಂತವರು ಗೋಡೆಗೆ ಒರಗಿ ಕೇಳಿ. ಒಂದೂರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು, ರೊಟ್ಟಿ ಬಡಿದು ಮಾರುವವಳು. ಅವಳಿಗೆ ಗದಿಗೆಪ್ಪ ಅಂತ ಒಬ್ಬನೇ ಮಗ. ಆಳು ಎತ್ತರ, ಮನಸ್ಸು ಬೆಣ್ಣೆ. ದೇವರು ಬುದ್ಧಿ ಹಂಚುವಾಗ ಮಾತ್ರ ಇವನು ಬಂದವರಿಗೆಲ್ಲ ಜಾಗ ಬಿಟ್ಟುಕೊಡುತ್ತ ಹಿಂದೆಯೇ ಉಳಿದಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡಿಕೋ ಅಂತ ಅವ್ವ ಸಂತೆಗೆ ಹೋದರೆ ಸಂಜೆಯವರೆಗೂ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಹಿತ್ತಲ ಕಡೆಯಿಂದ ಆಡು ಬಂದು ಹಿಟ್ಟು ತಿಂದು ಹೋಗುತ್ತಿತ್ತು.

"ಇವನ್ನ ತಗೊಂಡು ನಾ ಏನ ಮಾಡ್ಲಿ?" ಅಂತ ಫಕೀರವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಕೊನೆಗೆ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮಹಾನಂದಕ್ಕನ ಕೈಕಾಲು ಹಿಡಿದು ಅಲ್ಲಿ ಕೆಲಸಕ್ಕೆ ಹಚ್ಚಿದಳು. ಆ ಅಂಗಡಿಯಲ್ಲಿ ಒಂದು ಸಣ್ಣ ಮಶೀನು. ಯುಎಸ್‌ಬಿ ವಾಯರಿನಿಂದ ಕಂಪ್ಯೂಟರಿಗೆ ಜೋಡಿಸಿದ್ದು, ಮೇಲೊಂದು ಗಾಜು. ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಬಂದು ಆ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಇವರು ಬದುಕಿದ್ದಾರೆ ಅಂತ ಸರ್ಕಾರ ನಂಬುತ್ತದೆ, ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ. ಫಕೀರವ್ವನ ಗಂಡ ರೈಲು ಹಳಿ ಕಾಯುತ್ತಿದ್ದವನು. ಅವನು ಹೋದ ಮೇಲೆ ಅವಳಿಗೂ ಪಿಂಚಣಿ ಬರುತ್ತಿತ್ತು, ತಾಯಿ ಮಗನ ಹೊಟ್ಟೆ ಹೆಚ್ಚಾಗಿ ನಡೆಯುತ್ತಿದ್ದದ್ದು ಅದರಿಂದಲೇ. ಈ ಸಲ ಅವಳು ನಾಳೆ, ನಾಡಿದ್ದು ಅನ್ನುತ್ತ ಕೊನೆಯ ದಿನದವರೆಗೂ ತಳ್ಳಿಬಿಟ್ಟಿದ್ದಳು.

ಆ ಕೊನೆಯ ದಿನವೇ ನೋಡಿ, ಬೆಳಿಗ್ಗೆ ಕಂಪ್ಯೂಟರ್ ಯಾರನ್ನೂ ಕೇಳದೆ ಅಪ್‌ಡೇಟ್ ಮಾಡಿಕೊಂಡು ಕೂತಿತು. ಪರದೆಗೆ ಹೊಸ ಬಣ್ಣ, ಹೊಸ ಚಿತ್ರ, ಬಹಳ ಚೆಂದ. ಹೆಬ್ಬೆಟ್ಟಿನ ಮಶೀನಿನ ದೀಪ ಮಾತ್ರ ಹತ್ತಲಿಲ್ಲ. ಬಾಗಿಲಲ್ಲಿ ಆಗಲೇ ಮುದುಕ ಮುದುಕಿಯರ ಸಾಲು.

ವಾಯರ್ ಕಿತ್ತು ಮತ್ತೆ ಹಾಕು ಅಂತ ಗದಿಗೆಪ್ಪನಿಗೆ ಹೇಳಿ ಮಹಾನಂದಕ್ಕ ಕಂಪನಿಗೆ ಫೋನ್ ಹಚ್ಚಿದಳು. ಗದಿಗೆಪ್ಪ ಕಂಪ್ಯೂಟರಿನ ವಾಯರ್ ಕಿತ್ತ, ಫ್ಯಾನಿನದು ಕಿತ್ತ. ಪಕ್ಕದ ಗಿರಣಿಗೆ ಹೋಗಿ ಅಲ್ಲಿಯದನ್ನೂ ಕಿತ್ತ. ಅರ್ಧ ಬೀಸಿದ ಜೋಳ ಬಿಟ್ಟು ಗಿರಣಿಯವನು ಹಿಟ್ಟು ಮೆತ್ತಿದ ಮುಖದಲ್ಲೇ ಜಗಳಕ್ಕೆ ಬಂದ.

"ಎಲ್ಲಾ ಯಾಕ ಕಿತ್ತಿ?" ಅಂತ ಮಹಾನಂದಕ್ಕ ಬೈಯುತ್ತಲೇ ಎಲ್ಲ ವಾಯರ್ ಮತ್ತೆ ಹಾಕಿದಳು. "ಯಾವುದು ಏನೂ ಕೆಲಸ ಮಾಡದ ಸುಮ್ನ ಕುಂತಿರತೈತಿ, ಅದನ್ನಷ್ಟ ಹೊರಗ ತಗೀಬೇಕು. ಸ್ವಲ್ಪ ಹೊತ್ತು ಬಿಟ್ಟು ಒಳಗ ತರಬೇಕು."

"ಹೂಂ ಅಕ್ಕಾ, ಇನ್ನ ಹಂಗ ಮಾಡ್ತೀನಿ."

ಗದಿಗೆಪ್ಪ ಸುತ್ತ ನೋಡಿದ. ಅಂಗಡಿಯಲ್ಲಿ ಏನೂ ಕೆಲಸ ಮಾಡದೆ ಸುಮ್ಮನೆ ಕೂತದ್ದು ಯಾವುದು? ಮಹಾನಂದಕ್ಕನ ಮಾವ! ಮೂಲೆಯ ಕುರ್ಚಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ ಹಿರಿಯರನ್ನು ಕುರ್ಚಿ ಸಮೇತ ಎತ್ತಿ ಬಿಸಿಲಿಗೆ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು, ಹೇಳಿದ ಹಾಗೇ, ಒಳಗೂ ತಂದ. ಅಷ್ಟರಲ್ಲಿ ಮಾವನವರ ಬೋಳುತಲೆ ಹೆಂಚಿನಂತೆ ಕಾದಿತ್ತು. ಇಷ್ಟು ವರ್ಷದಲ್ಲಿ ತನ್ನನ್ನು ಯಾರೂ ಹೀಗೆ ಎತ್ತಿಟ್ಟಿರಲಿಲ್ಲ ಅಂತ ಅವರು ಕೂಗಾಡಿದರು.

"ಮನಷ್ಯಾರನ್ನ ಹಿಂಗ ಮಾಡ್ತಾರೇನೋ?" ಅಂದಳು ಮಹಾನಂದಕ್ಕ. "ಹೊರಗಿಂದ ಬಂದವರು ಯಾರ ಇರಲಿ, ಮದಲ ಒಂದು ತುಣುಕು ಬೆಲ್ಲ ಕೊಟ್ಟು ತಂಬಿಗಿ ತುಂಬ ನೀರು ಕೊಡಬೇಕು. ಅದು ನಮ್ಮ ಪದ್ಧತಿ."

"ಹೂಂ ಅಕ್ಕಾ, ಇನ್ನ ಹಂಗ ಮಾಡ್ತೀನಿ."

ಮಹಾನಂದಕ್ಕ ಮಶೀನಿನ ವಾಯರನ್ನು ಮುಂದಿನ ತೂತಿನಿಂದ ತೆಗೆದು ಕಂಪ್ಯೂಟರಿನ ಹಿಂದಿನ ತೂತಿಗೆ ಹಾಕಿದಳು. ಪರದೆಯ ಮೇಲೆ ಸಾಲೊಂದು ಮೂಡಿತು. ದೀಪ ಇನ್ನೂ ಇಲ್ಲ. ಅವಳು ಫೋನ್ ಹಿಡಿದು ಹೊರಗೆ ಹೋದಳು. ಗದಿಗೆಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ: ಹೊಸ ಸಾಧನ ಬಂದಿದೆ. ಬಂದಿದೆ ಅಂದ ಮೇಲೆ ಬಿಡಲಾದೀತೇ? ಗಾಜಿನ ಪಕ್ಕ ಒಂದು ತುಣುಕು ಬೆಲ್ಲ ಇಟ್ಟ. ತಂಬಿಗೆ ತಂದು ಪಾಪ, ದಣಿದು ಬಂದಿದೆ ಅಂತ ನಿಧಾನವಾಗಿ ಮಶೀನಿನ ಮೇಲೆ ನೀರು ಹೊಯ್ದ.

ಮಹಾನಂದಕ್ಕ ಬಂದು ನೋಡಿದಳು. ಇದ್ದದ್ದೊಂದೇ ಮಶೀನು, ಇವತ್ತೇ ಕೊನೆ, ಬಾಗಿಲಲ್ಲಿ ಅಷ್ಟು ಜನ. ಮಶೀನಿನ ವಾಯರ್ ಕಿತ್ತು ಸೆರಗಿನಿಂದ ಒರೆಸುತ್ತ ಗಿರಣಿಗೆ ಓಡಿದಳು, ಜೋಳದ ಚೀಲದೊಳಗೆ ಅದನ್ನು ಹುಗಿದಳು.

"ನೆನೆದದ್ದಕ್ಕ ಮತ್ತ ನೀರು ಹಾಕಬ್ಯಾಡಪ್ಪ," ಅಂದಳು ಅಳುಮುಖದಲ್ಲಿ. "ನೆನೆದದ್ದನ್ನ ಒರಸಿ, ಹಿಂಗ ಜೋಳದಾಗ ಹುಗೀಬೇಕು. ತಿಳೀತಿಲ್ಲೋ?"

"ಹೂಂ ಅಕ್ಕಾ, ಇನ್ನ ಹಂಗ ಮಾಡ್ತೀನಿ."

ಆ ಹೊತ್ತಿಗೆ ಸರಿಯಾಗಿ ಫಕೀರವ್ವ ಬಂದಳು. ರೊಟ್ಟಿ ಮುಗಿಸಿ, ಹಿಟ್ಟಿನ ಕೈ ತೊಳೆದು ಹಾಗೇ ಓಡಿ ಬಂದಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗದಿಗೆಪ್ಪ ನೋಡಿದ. ಅವ್ವ ನೆನೆದಿದ್ದಾಳೆ! ಅವಳ ಕೈ ಹಿಡಿದು ಅಂಗಿಯಿಂದ ಒರೆಸಿದ, ಗಿರಣಿಗೆ ಎಳೆದುಕೊಂಡು ಹೋಗಿ ಮೊಳಕೈವರೆಗೂ ಜೋಳದಲ್ಲಿ ಹುಗಿದು ಗಟ್ಟಿಯಾಗಿ ಹಿಡಿದುಕೊಂಡ. ಬಿಡೋ ಅಂದರೂ ಬಿಡಲೊಲ್ಲ. ಮಶೀನು ಕೆಟ್ಟಿದೆ ಅಂತ ಸಾಲಿನವರು ಹೇಳಿದ್ದು ಕೇಳಿ ಅವಳೂ ಕೈ ಎಳೆಯುವುದನ್ನು ಬಿಟ್ಟಳು. ಪಿಂಚಣಿ ನಿಂತರೆ ಈ ಪೆದ್ದನನ್ನು ಹೇಗೆ ಸಾಕಲಿ ಅಂತ ಕಣ್ಣು ತುಂಬಿಕೊಂಡು ಚೀಲದ ಮುಂದೆ ಕುಕ್ಕರಿಸಿದಳು.

ಅಷ್ಟರಲ್ಲಿ ಕಂಪನಿಯವನು ಫೋನ್ ಎತ್ತಿದ. ಅಪ್‌ಡೇಟ್ ಆದ ಮೇಲೂ ಕಂಪ್ಯೂಟರ್ ಮಶೀನಿನ ಹಳೆಯ ಗುರುತನ್ನೇ ಹಿಡಿದು ಕೂತಿರುತ್ತದೆ, ಅದನ್ನು ಅಳಿಸಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿ, ಪೂರ್ತಿ ಚಾಲೂ ಆಗುವವರೆಗೂ ಮಶೀನು ಹೊರಗೇ ಇರಬೇಕು ಅಂದ.

"ಮಶೀನ್ ಹೊರಗ ಐತೇನ್ರಿ?"

"ಹೊರಗ ಐತ್ರಿ. ಜೋಳದಾಗ ಐತಿ."

ಅವನು ಏನು ತಿಳಿದುಕೊಂಡನೋ, ಒಳ್ಳೇದಾತು ಅಂದ. ಮಹಾನಂದಕ್ಕ ಹೇಳಿದಂತೆಲ್ಲ ಮಾಡಿದಳು. ಮಶೀನು ಒಣಗುವವರೆಗೂ ಕಾದಳು. ಜೋಳದಿಂದ ತೆಗೆದು, ಊದಿ, ಕೈ ಮುಗಿದು, ವಾಯರ್ ಹಾಕಿದಳು. ದೀಪ ಹತ್ತಿತು. ಸಾಲಿನಲ್ಲಿದ್ದ ಮುದುಕಿಯರು ಅವಳ ಗಲ್ಲ ಸವರಿ ನೆಟಿಗೆ ಮುರಿದರು. ನಮ್ಮನ್ನ ಉಳಿಸಿದಿ ತಾಯಿ ಅಂದರು.

ಫಕೀರವ್ವನ ಹೆಬ್ಬೆಟ್ಟಿಗೆ ಮಾತ್ರ ಮಹಾನಂದಕ್ಕ ಹೆದರುತ್ತಿದ್ದಳು. ರೊಟ್ಟಿ ಬಡಿದು ಗೆರೆ ಸವೆದ ಕೈ, ಯಾವಾಗಲೂ ಹಸಿ. ಪ್ರತಿ ವರ್ಷ ಒತ್ತಿ ಒತ್ತಿ ಸಾಕಾಗುತ್ತಿತ್ತು. ಇವತ್ತು ಜೋಳದಲ್ಲಿ ಒಣಗಿದ ಹೆಬ್ಬೆಟ್ಟನ್ನು ಇಟ್ಟದ್ದೇ ತಡ, ಮಶೀನು ಒಪ್ಪಿಕೊಂಡಿತು. ಜೋಳದ ಗುಣವೋ ಮಗನ ಗುಣವೋ, ನನ್ನನ್ನು ಕೇಳಬೇಡಿ. ಫಕೀರವ್ವ ಮಾತ್ರ ಎಲ್ಲರ ಎದುರಿಗೆ ಮಗನ ತಲೆ ತಬ್ಬಿಕೊಂಡಳು.

"ನನ್ನಪ್ಪಾ, ನಿನ್ನಂಥ ಮಗನ್ನ ಕೊಟ್ಟ ದೇವರು ಚಲೋ ಇರಲಿ," ಅಂದಳು. ಅವನು ಹುಟ್ಟಿದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಗದಿಗೆಪ್ಪಾ, ನಿಮ್ಮವ್ವಂದು ಇನ್ನ ಒಂದು ವರ್ಷ ಚಿಂತಿ ಇಲ್ಲ," ಅಂದಳು ಮಹಾನಂದಕ್ಕ. "ಬದುಕ್ಯಾಳ ಅಂತ ಸರ್ಕಾರನ ಬರಕೊಂಡೈತಿ."

ಗದಿಗೆಪ್ಪನ ಮುಖ ಗಂಭೀರವಾಯಿತು. ಒಂದು ಬೆರಳಿಗೆ ಒಂದು ವರ್ಷ! ಅವ್ವನ ಕೈ ಹಿಡಿದು ತೋರುಬೆರಳನ್ನು ಗಾಜಿನ ಮೇಲೆ ಒತ್ತಿದ. ಆಮೇಲೆ ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಬೈಯಬೇಕು ಅಂತ ಬಾಯಿ ತೆರೆದ ಮಹಾನಂದಕ್ಕ ಮಶೀನನ್ನು ಅವನ ಕಡೆಗೆ ಸರಿಸಿದಳು. ಫಕೀರವ್ವ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯನ್ನೂ ತಾನೇ ಕೊಟ್ಟಳು.

ಹತ್ತೂ ಬೆರಳು ಮುಗಿದವು. ಗದಿಗೆಪ್ಪನಿಗೆ ಇಷ್ಟು ವರ್ಷ ಸಾಲುವುದಿಲ್ಲ ಅನ್ನಿಸಿತು. ನೆಲಕ್ಕೆ ಕೂತು ಅವ್ವನ ಕಾಲಿನಿಂದ ಚಪ್ಪಲಿ ಬಿಚ್ಚತೊಡಗಿದ.