ತೂಕದ ಗುಂಡು ಅಳೆದ ಕಂಬ

ಪ್ಯಾಲೆಸ್ಟೀನಿನ ಗಾರೆ ಮೇಸ್ತ್ರಿ ಜಿಯಾದ್ ಬೆಳಗಿನ ಜಾವ ಕೆಲಸಕ್ಕೆ ಹೊರಟು ಚೆಕ್‌ಪೋಸ್ಟಿನ ತಿರುಗುವ ಗೇಟಿನೊಳಗೆ ಕಾಲಿಟ್ಟಿದ್ದೇ ತಡ, ಸೈನಿಕ ಸ್ವಿಚ್ಚು ಒತ್ತಿ ಗೇಟು ನಿಲ್ಲಿಸಿದ.

"ಕೈಯಲ್ಲೇನು?"

"ಗೋಡೆ ನೇರ ಇದೆಯಾ ಅಂತ ನೋಡೋ ತೂಕದ ಗುಂಡು," ಎಂದು ಜಿಯಾದ್ ಅದನ್ನು ದಾರ ಹಿಡಿದು ಎತ್ತಿ ತೋರಿಸಿದ. ಸೈನಿಕ ಮೇಲಿನವರನ್ನು ಕೇಳಲು ಹೋದ. ಜಿಯಾದ್ ಸರಳುಗಳ ನಡುವೆ ಸಿಕ್ಕಿಕೊಂಡು ಹಾಗೇ ನಿಂತ.

ಗೇಟು ಗುಂಡಿನ ಮುಂದೆ ಬೀಗಿತು: "ನಿನ್ನ ಯಜಮಾನನನ್ನು ದಿನಾ ಎರಡು ಗಂಟೆ ನಿಲ್ಲಿಸುತ್ತೇನೆ. ಇವತ್ತಲ್ಲ ನಾಳೆ ಸೋತು ಮನೆಯಲ್ಲೇ ಕೂರುತ್ತಾನೆ. ನಾನು ಮಾತ್ರ ಜಗ್ಗುವುದಿಲ್ಲ."

ಗುಂಡು ಮೊದಲು ತನ್ನ ತೂಗಾಟ ಪೂರ್ತಿ ನಿಲ್ಲಿಸಿತು. ಆಮೇಲೆ ಗೇಟಿನ ಕಂಬವನ್ನು ಮೇಲಿಂದ ಕೆಳಗೆ ನೋಡಿ ಹೇಳಿತು: "ನೀನು ಅರ್ಧ ಬೆರಳು ವಾಲಿದ್ದೀಯ."

"ಸುಳ್ಳು! ನನ್ನನ್ನು ಕಾಂಕ್ರೀಟಿನಲ್ಲಿ ನೆಟ್ಟಿದ್ದಾರೆ. ವಾಲಿಸುವ ತಾಕತ್ತು ಯಾರಿಗಿದೆ?"

"ದಿನಾ ಸಾವಿರ ಜನ ನಿನ್ನನ್ನು ಭುಜದಿಂದ ನೂಕಿಕೊಂಡು ಕೆಲಸಕ್ಕೆ ಹೋಗುತ್ತಾರಲ್ಲ, ಅವರಿಗೆ."

ಅಷ್ಟರಲ್ಲಿ ಸೈನಿಕ ವಾಪಸು ಬಂದು ಸ್ವಿಚ್ಚು ಒತ್ತಿದ; ಬೀಗ ಕಟಕ್ಕೆಂದು ಬಿಟ್ಟಿತು. ಜಿಯಾದ್ ಗುಂಡನ್ನು ಜೇಬಿಗಿಳಿಸಿ, ಸರಳಿಗೆ ಭುಜ ಕೊಟ್ಟು ನೂಕಿ ಆಚೆ ನಡೆದ.

ಅವನ ಹಿಂದಿದ್ದವನೂ ಭುಜ ಕೊಟ್ಟ.